ಇಬ್ಬರ ಬುತ್ತಿ

ಒಂಟಿಯಾಗಿರುವವನ ಬಾಳಿನಲ್ಲಿ ನಗುವಂಥದ್ದು ನಡೆಯುವುದಿಲ್ಲ ಎಂದು ಯಾರು ಹೇಳಿದರೋ ಕಾಣೆ. ನನಗಂತೂ ಒಂದಾದ ಮೇಲೊಂದು ನಡೆಯುತ್ತಲೇ ಇದ್ದವು. ಜೊತೆಗೆ ನಗಲು ಮಾತ್ರ ಯಾರೂ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ, ವಾಗದರಿ ಎಂಬ ಹಳ್ಳಿಯ ಕುರಿ ಸಾಕುವ ಮನೆಯಿಂದ ಸೋಲಾಪುರಕ್ಕೆ ಡಾಕ್ಟರಿಕೆ ಓದಲು ಹೋಗಿದ್ದೆ. ಹಾಸ್ಟೆಲಿನಲ್ಲಿದ್ದವರೆಲ್ಲ ಅವರವರ ಊರಿನ ಮೊದಲ ನಂಬರಿನವರು. ಅಂಥವರು ಪಕ್ಕದವನೊಡನೆ ಮಾತಾಡಿ ಹೊತ್ತು ಕಳೆಯುವುದಿಲ್ಲ.

೧. ಏನೂ ಓದದವರು

ನನ್ನ ಕೋಣೆಯವನು ಪುಣೆ ಕಡೆಯ ಹುಡುಗ. ನಾನು ಒಳಗೆ ಬಂದರೆ ಪುಸ್ತಕ ಮುಚ್ಚಿ ದಿಂಬಿನಡಿ ಇಡುತ್ತಿದ್ದ. ಮೊದಲ ಪರೀಕ್ಷೆಯ ದಿನ ಮೋರೆ ಸಣ್ಣ ಮಾಡಿಕೊಂಡು, ತಾನು ಏನೂ ಓದಿಲ್ಲ ಎಂದ. ವರಾಂಡದಲ್ಲಿ ನಿಂತವರೆಲ್ಲ ಅದನ್ನೇ ಹೇಳುತ್ತಿದ್ದರು. ನಾನು ನಿಜವೆಂದೇ ನಂಬಿದೆ. ಫೇಲಾದರೆ ಇಬ್ಬರೂ ಕೂಡಿ ಓದೋಣ ಎಂದು ಅವನ ಬೆನ್ನು ಸವರಿದೆ.

ಫಲಿತಾಂಶ ಬಂದಾಗ ಕ್ಲಾಸಿಗೇ ಅವನದು ಮೊದಲ ನಂಬರು. ಏನೂ ಓದದವನಂತೆ ಮಾರ್ಕು ಬಂದದ್ದು ನನಗೊಬ್ಬನಿಗೇ, ಅದೂ ಓದಿ.

೨. ಬದನೆಕಾಯಿ ವ್ಯಾಪಾರ

ಒಂದು ಭಾನುವಾರ ತಡೆಯಲಾಗದೆ ಊರಿನ ಬಸ್ಸು ಹತ್ತಿದೆ. ಆದರೆ ಮನೆ ಮುಟ್ಟಿದರೆ ತಿರುಗಿ ಬರುವ ಧೈರ್ಯ ಆಗಲಿಕ್ಕಿಲ್ಲ ಅನ್ನಿಸಿ ನಡುದಾರಿಯ ಅಕ್ಕಲಕೋಟೆಯಲ್ಲೇ ಇಳಿದುಬಿಟ್ಟೆ. ಸಂತೆಯಲ್ಲಿ ಒಬ್ಬ ಮುದುಕಿಯ ಮುಂದೆ ಕೂತು ಬದನೆಕಾಯಿಯ ರೇಟು ಕೇಳಿದೆ, ಚೌಕಾಸಿ ಮಾಡಿದೆ, ಯಾವ ಹೊಲದ್ದು ಎಂದು ವಿಚಾರಿಸಿದೆ, ಆಕೆಯ ಮೊಮ್ಮಕ್ಕಳ ಕ್ಷೇಮವನ್ನೂ ಕೇಳಿದೆ.

ಕೊನೆಗೆ ಆಕೆ, "ತಮ್ಮಾ, ನೀ ತಗೊಳ್ಳಾಕ ಬಂದಿಯೋ, ಮಾತಾಡಾಕ ಬಂದಿಯೋ?" ಎಂದಳು.

"ಮಾತಾಡಾಕ ಬಂದೀನಿ, ಆಯಿ."

"ಹಂಗಾರ ಈ ಕಡಿ ಬಂದು ಕುಂದರು. ಕಾಯಿ ಬಾಡಾಕತ್ತ್ಯಾವ, ನೀರ ಹೊಡಿ."

ಸಂಜೆತನಕ ನೀರು ಹೊಡೆದೆ. ಆ ತಿಂಗಳಲ್ಲಿ ನಾನು ಪಾಸಾದ ಕೆಲಸ ಅದೊಂದೇ.

೩. ಚೀಲದೊಳಗಿನವನು

ಅವ್ವ ದಿನಾಲು ಊರಿನ ಎಸ್.ಟಿ. ಬಸ್ಸಿಗೆ ನನ್ನ ರೊಟ್ಟಿ ಡಬ್ಬಿ ಕೊಟ್ಟು ಕಳಿಸುತ್ತಿದ್ದಳು. ನಾನು ಸ್ಟ್ಯಾಂಡಿಗೆ ಹೋಗಿ ಅದನ್ನು ಇಳಿಸಿಕೊಂಡು, ಹಿಂದಿನ ದಿನದ ಖಾಲಿ ಡಬ್ಬಿಯ ಚೀಲವನ್ನು ಕಂಡಕ್ಟರನ ಕೈಗೆ ಕೊಡಬೇಕು. ಅವ್ವ ಒಂದೇ ಹಳೆ ಸೀರೆಯಲ್ಲಿ ಮೂರು ಚೀಲ ಹೊಲಿದಿದ್ದಳು. ಎರಡು ಡಬ್ಬಿಗೆ; ಮೂರನೆಯದರಲ್ಲಿ ನಾನು ಓದಲು ತಂದಿದ್ದ ಮನುಷ್ಯನ ಬುರುಡೆ ಇಡುತ್ತಿದ್ದೆ.

ಮೌಖಿಕ ಪರೀಕ್ಷೆ ಹತ್ತಿರ ಬಂದಿತ್ತು. ಇದರಲ್ಲೂ ಹೋದರೆ ಕಾಲೇಜು ಬಿಟ್ಟು ಕುರಿ ಹಿಂದೆ ಹೋಗುವುದೆಂದು ಠರಾಯಿಸಿದ್ದೆ. ಅಂಥ ಹೊತ್ತಿನಲ್ಲಿ ಚೀಲ ಅದಲುಬದಲಾಗಿ ಬುರುಡೆಯೇ ವಾಗದರಿಯ ಬಸ್ಸು ಹತ್ತಿತು. ಕೋಣೆಯಲ್ಲಿ ಖಾಲಿ ಡಬ್ಬಿ ನನ್ನನ್ನು ನೋಡುತ್ತಿತ್ತು. ಇನ್ನೊಂದು ಬುರುಡೆ ಸಿಕ್ಕೀತೇ ಎಂದು ಹಾಸ್ಟೆಲೆಲ್ಲ ತಿರುಗಿದೆ. ತಾವೂ ಏನೂ ಓದಿಲ್ಲ ಎಂದು ಎಲ್ಲರೂ ಬಾಗಿಲು ಹಾಕಿಕೊಂಡರು.

ಮರುದಿನ ಕಂಡಕ್ಟರ್ ಚೀಲವನ್ನು ಮೈಯಿಂದ ದೂರ ಹಿಡಿದು ಇಳಿದ. ಅವ್ವ ಬುರುಡೆಗೆ ಎಣ್ಣೆ ಹಚ್ಚಿ ತೊಳೆದು, ಹಣೆಗೆ ನಮ್ಮ ಮನೆದೇವರು ಬೀರಪ್ಪನ ಭಂಡಾರದ ಅರಿಸಿನ ಬಳಿದಿದ್ದಳು. ಜೊತೆಗೆ ಎಂದಿಗಿಂತ ದೊಡ್ಡ ಡಬ್ಬಿ.

"ನಿಮ್ಮವ್ವಾರು ಹೇಳ್ಯಾರ್ರಿ," ಎಂದ ಕಂಡಕ್ಟರ್. "ಯಾರ ಹಡದ ಮಗನೋ ಏನೋ, ನನ್ನ ಮಗನ ಜೋಡಿ ಇರಾಕತ್ತಾನ. ಅವನ್ನ ಬಿಟ್ಟು ಉಣಬ್ಯಾಡ ಅಂದಾರ. ಇನ್ನ ದಿನಾ ಇಬ್ಬರಿಗೆ ರೊಟ್ಟಿ ಬರ್ತಾವ."

ಕೋಣೆಗೆ ಬಂದು ಡಬ್ಬಿ ಬಿಚ್ಚುತ್ತ ಅತ್ತುಬಿಟ್ಟೆ. ಪುಣೆಯವನು ಪುಸ್ತಕ ಮುಚ್ಚಿದ. ಆದರೆ ದಿಂಬಿನಡಿ ಇಡಲಿಲ್ಲ. ಇಷ್ಟೊಂದು ರೊಟ್ಟಿ ಯಾರಿಗೆ ಎಂದು ಕೇಳಿದ. ನಾನು ಬುರುಡೆ ತೋರಿಸಿದೆ. ಅವನು ಅದನ್ನೂ ಶೇಂಗಾ ಚಟ್ನಿಯನ್ನೂ ನೋಡಿ, ಇವನು ಉಣ್ಣುವ ಹಾಗೆ ಕಾಣುವುದಿಲ್ಲವಲ್ಲ ಎನ್ನುತ್ತ ಎದುರಿಗೆ ಕೂತ. ಉಂಡ ಋಣಕ್ಕೆ ಬುರುಡೆಯ ಪಾಠವನ್ನೆಲ್ಲ ನನಗೆ ಹೇಳಿಕೊಟ್ಟ. ಹೇಗೋ ಪಾಸಾದೆ.

ಚೀಲದೊಳಗಿನ ಆ ಹುಡುಗ ಉಂಡನೇನು ಎಂದು ಅವ್ವ ವರ್ಷವಿಡೀ ಕಂಡಕ್ಟರನ ಕೈಲಿ ಕೇಳಿಸುತ್ತಿದ್ದಳು. ಕೊನೆಗೆ ನಾನೂ ಹೇಳಿ ಕಳಿಸಿದೆ: "ದಿನಾ ಹೊಟ್ಟಿ ತುಂಬ ಉಂಡಾನ. ಈ ಸಲಾನೂ ಅವನದ ಮೊದಲ ನಂಬರ್."