ತಣ್ಣಗಾದರೂ ಹಿಗ್ಗುವ ನೀರಿಗೆ ಒಬ್ಬ ವೆಲ್ಡರ್‌ನ ಮನವಿ

ಮೂರೂ ಸ್ಥಿತಿಗಳಲ್ಲಿ ವಂದನೀಯರಾದ ಶ್ರೀ ನೀರಿನವರ ಸನ್ನಿಧಿಗೆ,

ಮಾನ್ಯರೇ,

ತಮ್ಮನ್ನು ಹೇಗೆ ಸಂಬೋಧಿಸಬೇಕೆಂಬ ಯೋಚನೆಯಲ್ಲೇ ಎರಡು ಹಾಳೆ ಹರಿದು ಹಾಕಿದ್ದೇನೆ. ‘ಘನತೆವೆತ್ತ’ ಎಂದು ಶುರು ಮಾಡೋಣವೆಂದರೆ, ಎಂಟನೇ ತರಗತಿಯಲ್ಲಿರುವ ನನ್ನ ಮಗಳ ವಿಜ್ಞಾನ ಪುಸ್ತಕದ ಪ್ರಕಾರ ತಾವು ಘನವಾಗುವುದು ಸೊನ್ನೆ ಡಿಗ್ರಿಗೆ ಇಳಿದ ಮೇಲಷ್ಟೇ. ಅದಕ್ಕಿಂತ ಮೇಲೆ ತಾವು ಬರೀ ದ್ರವ, ನೂರು ದಾಟಿದರಂತೂ ಕೈಗೇ ಸಿಗದ ಅನಿಲ. ಯಾವ ಪಾತ್ರೆಗೆ ಸುರಿದರೂ ಅದರ ಆಕಾರಕ್ಕೆ ಹೊಂದಿಕೊಂಡುಬಿಡುವ ತಾವು ಯಾವ ಸಂಬೋಧನೆಗಾದರೂ ಹೊಂದಿಕೊಳ್ಳುತ್ತೀರೆಂಬ ಧೈರ್ಯದ ಮೇಲೆ ಸುಮ್ಮನೆ ‘ಮಾನ್ಯರೇ’ ಎಂದಿದ್ದೇನೆ. ಕ್ಷಮೆಯಿರಲಿ.

ನಾನು ಇಪ್ಪತ್ತೆರಡು ವರ್ಷಗಳಿಂದ ವೆಲ್ಡಿಂಗ್ ಅಂಗಡಿ ನಡೆಸುತ್ತಿರುವವನು. ಬಿಸಿಯಾದದ್ದು ಹಿಗ್ಗುತ್ತದೆ, ತಣ್ಣಗಾದದ್ದು ಕುಗ್ಗುತ್ತದೆ: ನನ್ನ ಅನ್ನ ನಡೆದಿರುವುದೇ ಈ ಒಂದು ಸಾಲಿನ ಮೇಲೆ. ಜಪ್ಪಯ್ಯ ಎಂದರೂ ಜಗ್ಗದ ನಟ್ಟಿಗೆ ಸ್ವಲ್ಪ ಬೆಂಕಿ ತೋರಿಸಿದರೆ ಹಿಗ್ಗಿ ಸಡಿಲವಾಗುತ್ತದೆ; ಬೇರಿಂಗನ್ನು ಬಿಸಿ ಮಾಡಿ ಶಾಫ್ಟಿಗೆ ತೊಡಿಸಿದರೆ ತಣ್ಣಗಾಗುತ್ತ ಕಚ್ಚಿ ಕೂತುಬಿಡುತ್ತದೆ. ಕಬ್ಬಿಣ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಇವರಲ್ಲಿ ಯಾರೊಬ್ಬರೂ ಇದುವರೆಗೆ ನನ್ನ ಮಾತು ಮೀರಿದ್ದಿಲ್ಲ.

ಶಾಲೆ ಬಿಟ್ಟ ಮೇಲೆ ಮಗಳು ನೇರ ಅಂಗಡಿಗೆ ಬಂದು, ಮೂಲೆಯ ಸ್ಟೂಲಿನ ಮೇಲೆ ಕೂತು, ಪುಸ್ತಕ ತೆರೆದು ಪ್ರಶ್ನೆ ಕೇಳುವುದು, ನಾನು ಮುಖದ ಕವಚ ಮೇಲೆತ್ತಿ ಉತ್ತರ ಹೇಳಿ ಮತ್ತೆ ಇಳಿಸಿಕೊಳ್ಳುವುದು, ಇದು ನಮ್ಮಿಬ್ಬರ ದಿನದ ಪದ್ಧತಿಯಾಗಿತ್ತು. ‘ನಮ್ಮಪ್ಪಂಗೆ ಎಲ್ಲಾ ಗೊತ್ತು’ ಎಂದು ಅವಳು ಗೆಳತಿಯರಿಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಮಾನ್ಯರೇ, ಅದಕ್ಕಿಂತ ದೊಡ್ಡ ಸುಖ ನನಗೆ ಬೇರೆ ಇರಲಿಲ್ಲ.

ಹೀಗಿರಲು ಶಾಲೆಯ ಕಿರುಪರೀಕ್ಷೆಯಲ್ಲಿ ‘ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಏನಾಗುತ್ತದೆ?’ ಎಂಬ ಪ್ರಶ್ನೆ ಬಂತು. ಮಗಳು ‘ಕುಗ್ಗುತ್ತದೆ’ ಎಂದು ಬರೆದು, ಅಷ್ಟಕ್ಕೇ ಬಿಡದೆ, ಪಕ್ಕದಲ್ಲಿ ‘ಇದು ನಮ್ಮ ಅಪ್ಪ ಹೇಳಿದ್ದು’ ಎಂದು ಸೇರಿಸಿದಳು. ಟೀಚರು ಕೆಂಪು ಶಾಯಿಯಲ್ಲಿ ಉತ್ತರವನ್ನು ಒಂದು ಸಲ, ಅಪ್ಪನನ್ನು ಒಂದು ಸಲ ಹೊಡೆದುಹಾಕಿದ್ದರು.

ನಾನು ಬಿಡುವ ಆಸಾಮಿಯೇ? ಭಾನುವಾರ ಬೆಳಗ್ಗೆ ನಮ್ಮ ಅತ್ತೆಯವರು ಯಾರಿಗೂ ಮುಟ್ಟಲು ಕೊಡದ ಗಾಜಿನ ಬಾಟಲಿಯನ್ನು ಕೇಳಿ ಪಡೆದು, ತಮ್ಮನ್ನು ಕಂಠಪೂರ್ತಿ ತುಂಬಿಸಿ, ಮುಚ್ಚಳ ಬಿಗಿದು, ಫ್ರೀಜರಿನಲ್ಲಿ ಸಕಲ ಮರ್ಯಾದೆಗಳೊಂದಿಗೆ ಮಲಗಿಸಿದೆ. ಸಂಜೆ ನಾಲ್ಕಕ್ಕೆ ಹೆಂಡತಿ, ಅತ್ತೆ, ಮಗಳು ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡು, ನೀರು ಎಷ್ಟು ಕುಗ್ಗಿದೆ ನೋಡಿ ಎಂದು ಬಾಗಿಲು ತೆರೆದರೆ, ತಾವು ಹಿಗ್ಗಿ ಹೀರೇಕಾಯಿಯಾಗಿ, ಬಾಟಲಿಯನ್ನು ಉದ್ದಕ್ಕೆ ಸೀಳಿ, ಬೆಳ್ಳಗೆ ಹಲ್ಲು ಕಿರಿಯುತ್ತಿದ್ದಿರಿ. ಅತ್ತೆಯವರು ಬಹಳ ಹೊತ್ತು ನೋಡಿ, ‘ಅಳಿಯಂದ್ರೇ, ಇದಕ್ಕೂ ವೆಲ್ಡಿಂಗ್ ಮಾಡ್ತೀರಾ?’ ಎಂದಷ್ಟೇ ಕೇಳಿದರು. ಮಗಳು ‘ಪಾಪ’ ಎನ್ನುವ ಹಾಗೆ ನನ್ನನ್ನು ನೋಡಿದಳು; ಬೈದಿದ್ದರೆ ಚೆನ್ನಾಗಿತ್ತು.

ತಮ್ಮ ಪ್ರತಿಭೆಯನ್ನು ನಾನು ಆಮೇಲೆ ಪುಸ್ತಕದಲ್ಲಿ ಓದಿ ತಿಳಿದುಕೊಂಡೆ. ನಾಲ್ಕು ಡಿಗ್ರಿಯವರೆಗೆ ಮಾನವಂತರಂತೆ ಕುಗ್ಗುತ್ತ ಬರುವ ತಾವು, ಅಲ್ಲಿಂದ ಕೆಳಗೆ ಅದೇನು ತಲೆಗೇರುತ್ತದೋ, ಉಲ್ಟಾ ಹೊಡೆದು ಹಿಗ್ಗತೊಡಗುತ್ತೀರಿ. ಹೆಪ್ಪುಗಟ್ಟಿದಾಗಲಂತೂ ತಮ್ಮ ಅಣುಗಳು ಬೆಂಚಿನ ಮೇಲೆ ಕಾಲಗಲಿಸಿ ಕೂರುವ ನೆಂಟರ ಹಾಗೆ ನಡುವೆ ಜಾಗ ಬಿಟ್ಟು ಸಾಲಾಗಿ ಕೂರುತ್ತವಂತೆ. ದ್ರವ್ಯರಾಶಿ ಇದ್ದಷ್ಟೇ, ಜಾಗ ಮಾತ್ರ ಹೆಚ್ಚು, ಆದ್ದರಿಂದ ಸಾಂದ್ರತೆ ಕಡಿಮೆ, ಆದ್ದರಿಂದ ತಾವು ತಮ್ಮ ಮೇಲೆಯೇ ತೇಲುತ್ತೀರಿ. ಆಹಾ! ಕೆರೆಯ ಮೇಲ್ಭಾಗ ಗಟ್ಟಿಯಾಗಿ ಅಡಿಯಲ್ಲಿ ಮೀನುಗಳು ಬದುಕುಳಿಯುವುದು ಇದರಿಂದಲೇ ಎಂದು ತಿಳಿದು ಸಮಸ್ತ ಮೀನುಗಳ ಪರವಾಗಿ ಅಭಿನಂದಿಸುತ್ತೇನೆ. ಆದರೆ ಯಾವ ಮೀನಿಗೂ ಎಂಟನೇ ತರಗತಿಯಲ್ಲಿ ಓದುವ ಮಗಳಿಲ್ಲ ಎಂಬುದನ್ನು ತಾವು ಗಮನಿಸಬೇಕಿತ್ತು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ವಾರ್ಷಿಕ ಪರೀಕ್ಷೆ ಮುಗಿಯುವವರೆಗಾದರೂ ಎಲ್ಲರಂತೆ ಕುಗ್ಗಬೇಕೆಂದೂ, ಅಭ್ಯಾಸವಿಲ್ಲದಿದ್ದರೆ ತಣ್ಣಗಾದಾಗ ನಿಯತ್ತಾಗಿ ಕುಗ್ಗುವ ಸೀಮೆಎಣ್ಣೆಯವರ ಬಳಿ ಹದಿನೈದು ದಿನ ತರಬೇತಿ ಪಡೆಯಬೇಕೆಂದೂ, ಅದೂ ಆಗದಿದ್ದಲ್ಲಿ ತಮಗೆ ಅನುಕೂಲವಾದ ಯಾವುದೇ ಸ್ಥಿತಿಯಲ್ಲಿ ಖುದ್ದಾಗಿ ಶಾಲೆಗೆ ಹೋಗಿ, ಸೀಳಿದ್ದು ಬಾಟಲಿಯೇ ಹೊರತು ಹುಡುಗಿಯ ಅಪ್ಪನ ತಲೆಯಲ್ಲವೆಂದು ಟೀಚರಿಗೆ ತಿಳಿಸಬೇಕೆಂದೂ ಕೋರಿ ಈ ಪತ್ರವನ್ನು ಆರಂಭಿಸಿದ್ದೆ.

ಯಾಕೆಂದರೆ ಮಗಳು ಸ್ಟೂಲು ಬಿಟ್ಟಿದ್ದಳು. ಪುಸ್ತಕ ಹಿಡಿದು ಪಕ್ಕದ ಇಸ್ತ್ರಿ ಅಂಗಡಿಗೆ ಹೋಗತೊಡಗಿದಳು. ಇಸ್ತ್ರಿಯವರಿಗೆ ಆವಿಯ ಒಡನಾಟವಿದೆ, ಒಪ್ಪಿದೆ. ಆದರೆ ಬಟ್ಟೆಗೆ ತಮ್ಮನ್ನು ಚಿಮುಕಿಸಿದ ಮಾತ್ರಕ್ಕೆ ಯಾರಾದರೂ ವಿಜ್ಞಾನಿಯಾಗುತ್ತಾರೆಯೇ? ಹೊಟ್ಟೆ ಉರಿದುಹೋಯಿತು.

ಹದಿನೈದು ದಿನ ಕಳೆದು ಒಂದು ಸಂಜೆ ಅವಳೇ ತಿರುಗಿ ಬಂದಳು. ಕೈಯಲ್ಲಿ ನಾಲ್ಕು ನಾಲ್ಕು ಆಯ್ಕೆಗಳಿರುವ ಪ್ರಶ್ನೆಗಳ ಕಟ್ಟು. ಮುಂದಿನ ಕಿರುಪರೀಕ್ಷೆಗೆ ಬರುವುದು ಇದರಿಂದಲೇ, ಒಂದೊಂದಾಗಿ ಹೇಳು ಅಂದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಾಳಿಗೆ ತೂಕವಿಲ್ಲ ಎಂದೆ. ಮೇಣ ಕರಗುವುದು ರಾಸಾಯನಿಕ ಬದಲಾವಣೆ ಎಂದೆ. ಉಕ್ಕು ಧಾತು ಎಂದೆ. ನೀರಿನಲ್ಲಿ ಕರಗಿದ ಸಕ್ಕರೆ ಇಲ್ಲವಾಗಿಬಿಡುತ್ತದೆ ಎಂದೆ. ಎಲ್ಲವನ್ನೂ ಅವಳು ಶ್ರದ್ಧೆಯಿಂದ ಗುರುತು ಹಾಕಿಕೊಂಡಳು. ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಬಂತು. ಗೇಟು ಮಾಡಿಸಲು ಬಂದವರಿಗೆ, ದಾರಿ ಕೇಳಲು ನಿಂತವರಿಗೆ, ಕೊನೆಗೆ ಇಸ್ತ್ರಿಯವರಿಗೂ ಹೋಗಿ ಹೇಳಿ ಬಂದೆ.

ಆಮೇಲೆ ಆ ಒಂದು ಅಂಕ ಯಾಕಮ್ಮಾ ಹೋಯಿತು ಎಂದು ಕೇಳಿದೆ. ಕೇಳಬಾರದಿತ್ತು. ‘ನಿನ್ನಿಂದಲೇ ಅಪ್ಪಾ’ ಎಂದಳು. ‘ನೀನು ಹೇಳಿದ್ದನ್ನ ಮೊದಲು ಹೊಡೆದು ಹಾಕ್ತಿದ್ದೆ. ಉಳಿದ ಮೂರರಲ್ಲಿ ಸರಿಯಾದದ್ದು ತಾನಾಗೇ ಕಾಣೋದು. ತುಕ್ಕು ಹಿಡಿಯೋ ಪ್ರಶ್ನೇಲಿ ಮಾತ್ರ ನೀನು ಸರಿ ಹೇಳ್ಬಿಟ್ಟಿದ್ದೆ, ಮೋಸ ಹೋದೆ.’ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ರಾಸಾಯನಿಕ ಬದಲಾವಣೆ. ಅದೊಂದು ನನಗೆ ನಿಜಕ್ಕೂ ಗೊತ್ತಿತ್ತು, ಮಾನ್ಯರೇ. ತುಕ್ಕಿಗೆ ಗಾಳಿಯೊಂದಿಗೆ ಕಾರಣರಾದವರು ಯಾರೆಂದು ಮತ್ತೆ ಬಿಡಿಸಿ ಹೇಳಬೇಕೇ?

ಇಸ್ತ್ರಿ ಅಂಕಲ್‌ನ ಯಾಕೆ ಬಿಟ್ಟೆ ಎಂದು ಕೇಳಿದ್ದಕ್ಕೆ, ‘ಅವರು ಒಂದ್ಸಲ ಸರಿ ಹೇಳ್ತಾರೆ, ಒಂದ್ಸಲ ತಪ್ಪು ಹೇಳ್ತಾರೆ, ನಂಬೋಕಾಗಲ್ಲ. ನೀನಾದ್ರೆ ಗ್ಯಾರಂಟಿ. ವಾರ್ಷಿಕ ಪರೀಕ್ಷೆಗೂ ನೀನೇ ಬೇಕು’ ಎಂದು ಸ್ಟೂಲು ಎಳೆದುಕೊಂಡು ಕೂತಳು. ಆ ಮಾತಿಗೆ ಯಾವ ಅಪ್ಪನಾದರೂ ಕುಗ್ಗಬೇಕು. ನಾನು ಹಿಗ್ಗಿದೆ.

ಆದ್ದರಿಂದ ಮೇಲಿನ ಕೋರಿಕೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ತಾವು ತಮ್ಮ ಚಾಳಿಯಲ್ಲೇ ಮುಂದುವರಿಯಿರಿ; ನನಗೆ ಮಾತ್ರ ವಾರ್ಷಿಕ ಪರೀಕ್ಷೆಯವರೆಗೆ ಹೊಸದಾಗಿ ಏನನ್ನೂ ಕಲಿಸದೆ ಉಪಕಾರ ಮಾಡಿರಿ.

ಇಂತಿ, ಸಾಮಾನ್ಯ ಉಷ್ಣಾಂಶದಲ್ಲಿ
ತಮ್ಮ ವಿಶ್ವಾಸಿ,
ಗ್ಯಾರಂಟಿ ಅಪ್ಪ

ತಾ.ಕ.: ಹಾಳೆಯ ಮೇಲಿರುವ ಹನಿಯನ್ನು ಕಣ್ಣೀರೆಂದು ತಿಳಿದು ತಾವು ಬೀಗಬೇಕಿಲ್ಲ, ಅದು ವೆಲ್ಡಿಂಗ್ ಕಾವಿಗೆ ಬಂದ ಬೆವರು. ಬೆವರು ಶುದ್ಧ ವಸ್ತು ಎಂದು ನಾನು ಹೇಳುತ್ತಿದ್ದ ಹಾಗೇ ಮಗಳು ಪುಸ್ತಕದಲ್ಲಿ ‘ಮಿಶ್ರಣ’ ಎಂದು ಬರೆದುಕೊಂಡು, ‘ಥ್ಯಾಂಕ್ಸ್ ಅಪ್ಪಾ’ ಎಂದಳು.