ರಾಗಿಯ ಹಿಂದೆ ಓಡುವ ತಂಗಿ

ಲೋಕದಲ್ಲೆಲ್ಲ ಮನುಷ್ಯರು ನಾಯಿಯ ಕೊರಳಿಗೆ ಹಗ್ಗ ಹಾಕಿ ಕರೆದುಕೊಂಡು ಹೋಗುತ್ತಾರೆ. ನನ್ನ ತಂಗಿ ಮಾತ್ರ ತನ್ನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ನಾಯಿಗೆ ಒಪ್ಪಿಸಿ, ಎಳೆದುಕೊಂಡು ಹೋಗಪ್ಪಾ ಅನ್ನುತ್ತಾಳೆ! ಅದೂ ಜಪಾನಿನ ಉತ್ತರ ತುದಿಯ ಹೊಕ್ಕೈಡೋದ ಹಿಮದಲ್ಲಿ, ಕಾಲಿಗೆ ಎರಡು ಉದ್ದನೆಯ ಸ್ಕೀ ಸಿಕ್ಕಿಸಿಕೊಂಡು. ಇದಕ್ಕೆ ಸ್ಕೀಜೋರಿಂಗ್ ಅನ್ನುತ್ತಾರಂತೆ. ಹೆಸರಿಟ್ಟ ಮಾತ್ರಕ್ಕೆ ಹುಚ್ಚು ಹುಚ್ಚಲ್ಲದೆ ಹೋಗುತ್ತದೆಯೇ?

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು; ಇವಳನ್ನು ನೋಡಿಕೊಳ್ಳಲು ಮನೆಯಲ್ಲೊಬ್ಬರು ಬೇಕಿತ್ತು. ನಾನು ಎತ್ತಿ ಆಡಿಸಿದ ಕೂಸು ಓದಿ ಓದಿ, ಹಿಮದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರ್ ಆಯಿತು. ನನ್ನ ಗಂಡ ಫುನಾಬೊರಿಯ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವರು. ಅವರ ಬೆನ್ನಿಗೆ ನಾನೂ ಜಪಾನಿಗೆ ಬಂದೆ. ಅಕ್ಕತಂಗಿ ಒಂದೇ ದೇಶದಲ್ಲಿದ್ದೇವೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ರಾಗಿ ಬಂದು ಸೇರಿತು.

ರಾಗಿ ಅಂದರೆ ಆ ನಾಯಿ. ರಾಗಿಹಿಟ್ಟಿನ ಬಣ್ಣ, ಚೂಪು ಕಿವಿ, ಸುರುಳಿ ಬಾಲ. ಅಲ್ಲಿಂದ ಮುಂದೆ ನಾನು ವಿಡಿಯೋ ಕಾಲ್ ಮಾಡಿದಾಗಲೆಲ್ಲ ಕಾಣಿಸಿದ್ದು ತಂಗಿಯ ಮುಖವಲ್ಲ, ನಾಯಿಯ ಪಾದ! ಹಿಮದಲ್ಲಿ ಪಾದ ಬಿರಿಯುತ್ತದಂತೆ. ಒಂದೊಂದೇ ಬೆರಳು ಬಿಡಿಸಿ ಮುಲಾಮು ಹಚ್ಚುತ್ತಾಳೆ. ನಾಲ್ಕು ಕಾಲಿಗೂ ಪುಟ್ಟ ಬೂಟು ತೊಡಿಸುತ್ತಾಳೆ. ಅವಳ ಸ್ವಂತ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿರುತ್ತದೆ. ನನಗೆ ಸೊಂಟ ನೋವು ಎಂದರೆ, "ಹೌದಾ ಅಕ್ಕ, ರಾಗಿಗೂ ಸ್ವಲ್ಪ ಹಿಂಗಾಲು ನೋವು," ಅನ್ನುತ್ತಾಳೆ. ನನ್ನ ನೋವಿಗೂ ಪಾಲುದಾರ!

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಆ ನಾಯಿಗೆ ಕನ್ನಡ ಬರುತ್ತದೆ! "ಎಡಕ್ಕೆ" ಎಂದರೆ ಎಡಕ್ಕೆ ತಿರುಗುತ್ತದೆ, "ನಿಧಾನ" ಎಂದರೆ ನಿಧಾನಿಸುತ್ತದೆ. ಫುನಾಬೊರಿಯಲ್ಲಿ ಹುಟ್ಟಿದ ನನ್ನ ಮಗಳಿಗೆ "ಬಾರೇ ಊಟಕ್ಕೆ" ಎಂದರೆ ಜಪಾನಿಯಲ್ಲಿ ಏನೋ ಗೊಣಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹೊಕ್ಕೈಡೋದ ನಾಯಿ ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅವರ ಊರಿನಲ್ಲಿ ವರ್ಷಕ್ಕೊಮ್ಮೆ ಇಂಥ ಹುಚ್ಚರೆಲ್ಲ ಸೇರಿ ತಂತಮ್ಮ ನಾಯಿಗಳ ಹಿಂದೆ ಜಾರುತ್ತಾರೆ. ರಾಗಿಗೆ ವಯಸ್ಸಾಗಿತ್ತು. ಈ ಚಳಿಗಾಲ ಕಳೆದ ಮೇಲೆ ಎಳೆಸುವುದು ಬೇಡವೆಂದು ಪಶುವೈದ್ಯರು ಹೇಳಿದ್ದರು. ಇದೇ ಅದರ ಕೊನೆಯ ಓಟ. ನೀನು ಬಂದು ನೋಡಲೇಬೇಕು ಎಂದು ತಂಗಿ ನನಗೆ ವಿಮಾನದ ಟಿಕೆಟ್ ಕಳಿಸಿದಳು.

ಓಟದ ಹಿಂದಿನ ದಿನವೇ ಹಾದಿ ತೋರಿಸಲು ಕರೆದೊಯ್ದಳು. ದೊಡ್ಡ ಯಂತ್ರವೊಂದು ಹಿಮವನ್ನು ತಲೆ ಬಾಚಿದ ಹಾಗೆ ಬಾಚಿ, ಸ್ಕೀ ಕೂರಲೆಂದು ಎರಡು ಗೆರೆ ಕೊರೆದು ಹೋಗಿತ್ತು. ನಾನು ಆ ಗೆರೆಯ ಮೇಲೇ ಬೂಟುಗಾಲಿಟ್ಟು ಧಪಧಪ ನಡೆದೆ. ಹಾದಿ ನೋಡಿಕೊಳ್ಳುವ ಮುದುಕರು ಓಡಿ ಬಂದು, ಸೊಂಟ ಬಗ್ಗಿಸಿ "ಸುಮಿಮಾಸೆನ್" ಎಂದರು. ತಪ್ಪು ನನ್ನದು, ಕ್ಷಮೆ ಅವರದು! ಆಮೇಲೆ ತಂಗಿ ರಾಗಿಯ ಹಗ್ಗ ಸಿಕ್ಕಿಸಿದ ಪಟ್ಟಿಯನ್ನು ನನ್ನ ಸೊಂಟಕ್ಕೆ ಬಿಗಿದು, "ನಡಿ ಅನ್ನು," ಎಂದಳು. ಅಂದೆ. ರಾಗಿ ತಿರುಗಿ ನನ್ನನ್ನು ನೋಡಿ ಕೂತುಕೊಂಡಿತು. ನಡಿಯೋ, ನಡಿಯಪ್ಪ, ನಡಿ ಮಾರಾಯ. ಊಹೂಂ. ದೂರದಿಂದ ಅವಳು ಮೆಲ್ಲಗೆ ಒಂದು ಸಲ ಅಂದಳು ನೋಡಿ, ಮರುಕ್ಷಣ ನಾನು ಹಿಮದೊಳಗೆ ಮುಖವಿಟ್ಟಿದ್ದೆ! ತಂಗಿ ಓಡಿ ಬಂದು ಮೊದಲು ನಾಯಿಯ ಭುಜ ಸವರಿದಳು.

ಓಟದ ಬೆಳಿಗ್ಗೆ ಅವಳು ಹೊರಗೆ ಸ್ಕೀಗೆ ಮೇಣ ತಿಕ್ಕುತ್ತಿದ್ದಳು. ನಾನು ಚಪಾತಿ ಬೇಯಿಸುತ್ತಿದ್ದೆ. ಓಟಕ್ಕೆ ಮುಂಚೆ ನಾಯಿಗೆ ಏನೂ ಹಾಕಬಾರದು, ಹೊಟ್ಟೆ ತಿರುಚಿಕೊಂಡರೆ ಜೀವಕ್ಕೇ ಅಪಾಯ ಎಂದು ಅವಳು ನನಗೆ ಮತ್ತೆ ಮತ್ತೆ ಹೇಳಿದ್ದಳು. ಆಗ ರಾಗಿ ತಾನಾಗಿ ಬಂದು ನನ್ನ ಕಾಲ ಬಳಿ ಕೂತಿತು. ಅವಳನ್ನು ಬಿಟ್ಟು ನನ್ನ ಬಳಿ! ಹಸಿದ ಜೀವವನ್ನು ಬರಿಹೊಟ್ಟೆಯಲ್ಲಿ ಹೊರಗೆ ಕಳಿಸುವ ಪದ್ಧತಿ ನಮ್ಮಲ್ಲುಂಟೇ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಒಂದು ಸಲವಾದರೂ ಈ ನಾಯಿ ಅವಳನ್ನು ಬಿಟ್ಟು ನನ್ನ ಹಿಂದೆ ಬರಲಿ ಅನ್ನುವ ಹೊಟ್ಟೆಕಿಚ್ಚು, ಅಷ್ಟೆ. ತುಪ್ಪ ಸವರಿ ಒಂದು ಕೊಟ್ಟೆ. ಬೆಂದದ್ದೆಲ್ಲ ಹಾಗೆಯೇ ಹೋಯಿತು. ಅಷ್ಟರಲ್ಲಿ ತಂಗಿ ಹೊತ್ತಾಯಿತೆಂದು ಕರೆದಳು. ಸ್ಟವ್ ಆರಿಸಿ ಹೊರಟೆವು.

ಓಟ ಶುರುವಾಗುವ ಕಡೆ ಅವಳು ಮಂಡಿಯೂರಿ ರಾಗಿಗೆ ಪಟ್ಟಿ ಕಟ್ಟುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿದಳು. ಅದರ ಮೂತಿಗೆ ಮೂಗು ತಾಗಿಸಿದಳು.

"ಅಕ್ಕ, ಇವನಿಗೆ ಏನಾದ್ರೂ ಕೊಟ್ಯಾ?"

"ನಾನ್ಯಾಕೆ ಕೊಡ್ಲಿ."

ಅವಳು ಕಟ್ಟಿದ್ದನ್ನೆಲ್ಲ ಬಿಚ್ಚಿ, ಓಟ ನಡೆಸುವವರ ಬಳಿ ಹೋಗಿ, ತನಗೆ ಹೊಟ್ಟೆ ಸರಿಯಿಲ್ಲ, ಓಡುವುದಿಲ್ಲ ಎಂದಳು. ಅಷ್ಟು ಜಪಾನಿ ನನಗೂ ತಿಳಿಯುತ್ತದೆ. ನಾಯಿಗಳು ಒಂದೊಂದಾಗಿ ಹೊರಟವು. ಪ್ರತಿ ನಾಯಿ ಹೊರಟಾಗಲೂ ರಾಗಿ ಎದ್ದು, ಹಾದಿಯ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿ ಕುಂಯ್ಗುಟ್ಟಿತು. ಅವಳು ಅದರ ತಲೆಯ ಮೇಲಿಂದ ಕೈ ತೆಗೆಯಲಿಲ್ಲ. ನಿಂತ ನೆಲವೇ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಕಾರಿನಲ್ಲಿ ಒಪ್ಪಿಕೊಂಡೆ. "ಕೊಟ್ಟೆ ಕಣೇ. ಸುಳ್ಳು ಹೇಳ್ದೆ."

"ಗೊತ್ತು. ಮೂತಿಯೆಲ್ಲ ತುಪ್ಪ."

"ಅಲ್ಲೇ ಬಯ್ಯಬೇಕಿತ್ತು ನೀನು."

"ಅಷ್ಟು ಜನರ ಮುಂದೆ ನಮ್ಮಕ್ಕನ್ನ ಬಯ್ಯಲಾ?"

ಜನರಿಲ್ಲದ ಕಡೆ ಬಯ್ದಳು. ಚೆನ್ನಾಗಿಯೇ ಬಯ್ದಳು. ರಾಗಿಗೇನಾದರೂ ಆಗಿದ್ದರೆ ನಿನ್ನ ಮುಖ ನೋಡುತ್ತಿರಲಿಲ್ಲ ಎಂದಳು. ಒಂದು ಕೈಯಲ್ಲಿ ಕಣ್ಣೊರೆಸಿಕೊಂಡು ಕಾರು ಓಡಿಸಿದಳು.

"ಎಷ್ಟು ಕೊಟ್ಟೆ?"

"ಮಾಡಿದ್ದೆಲ್ಲಾ."

"ನಂಗೊಂದು ಎತ್ತಿಡಬಾರ್ದಿತ್ತಾ ಅಕ್ಕ?" ಎಂದಳು. "ಮೇಣ ತಿಕ್ತಾ ವಾಸನೆ ಕುಡೀತಾ ಇದ್ದೆ. ಈಗ ಕರೀತಾಳೆ, ಈಗ ಕರೀತಾಳೆ ಅಂತ."

ದಾರಿಯಲ್ಲಿ ಕೊಂಬಿನಿ ಅಂಗಡಿ ಕಂಡಾಗ ನಿಲ್ಲಿಸಲು ಹೇಳಿ, ಉಪ್ಪಿನಕಾಯಿ ಇಟ್ಟ ಅನ್ನದ ಉಂಡೆ ತಂದೆ. ಮುಂದೆ ರಸ್ತೆ ಮಂಜುಗಟ್ಟಿ ಜಾರುತ್ತಿತ್ತು. ಅವಳು ಎರಡು ಕೈಯನ್ನೂ ಸ್ಟೀರಿಂಗ್ ಮೇಲಿಂದ ತೆಗೆಯದೆ, ರಸ್ತೆಯಿಂದ ಕಣ್ಣು ಕದಲಿಸದೆ, ನನ್ನ ಕಡೆಗೆ ಬಾಯಿ ತೆರೆದಳು.