ದೊಡ್ಡಪ್ಪನ ಪಕ್ಕದ ಜಾಗ

ನಮ್ಮ ದೊಡ್ಡಪ್ಪನಿಗೆ ಯೇಸುಸ್ವಾಮಿಯ ಜೊತೆ 'ಹೋಗೋ, ಬಾರೋ' ಎನ್ನುವಷ್ಟು ಸಲಿಗೆಯಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಮ್ಮ ಪಾದ್ರಿಗಳೇ ನಂಬಿರಲಿಲ್ಲ.

ದೊಡ್ಡಪ್ಪ ಹುಣಸೂರಿನಿಂದ ರಾವಂದೂರಿಗೆ ಬಾಡಿಗೆ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಮುಂದಿನ ಹಲಗೆಯ ಒಂದು ಅಂಚಿಗೆ ಒತ್ತರಿಸಿ ಕೂತು, ಉಳಿದರ್ಧವನ್ನು ತಮ್ಮ ಗೆಣೆಕಾರನಿಗೆ, ಅಂದರೆ ಗೆಳೆಯ ಯೇಸುಸ್ವಾಮಿಗೆ, ಬಿಡುತ್ತಿದ್ದರು. ವೀಳ್ಯ ಮಡಿಸಿದರೆ ಮೊದಲ ಎಲೆ ಅವನಿಗೆ. ಆಮೇಲೆ ಅದನ್ನು ತಿನ್ನುತ್ತಿದ್ದವರು ಯಾರು ಅಂತೀರಾ? "ಅವ್ನಿಗೆ ಹಲ್ಲು ಕೆಂಪಾಗೋದು ಸರಿಬರಕಿಲ್ಲ ಕಣ್ಲಾ" ಎಂದು ದೊಡ್ಡಪ್ಪನೇ!

ಒಮ್ಮೆ ಶಾನುಭೋಗರೊಬ್ಬರು ಆ ಜಾಗದಲ್ಲಿ ಕೂರಲು ಬಂದರು.

"ಅಲ್ಲಿ ಆಳು ಅವ್ನೆ ಸ್ವಾಮಿ, ಹಿಂದ್ಕೋಗಿ."

ಶಾನುಭೋಗರು ಖಾಲಿ ಹಲಗೆ ನೋಡಿದರು, ದೊಡ್ಡಪ್ಪನ ಮುಖ ನೋಡಿದರು, ಪಂಚೆ ಎತ್ತಿ ಕಟ್ಟಿ ರಾವಂದೂರಿಗೆ ನಡೆದೇ ಹೋದರು.

ಗಾಡಿ ಹಳ್ಳದಲ್ಲಿ ಮಗುಚಿದಾಗ ಮಾತ್ರ ಈ ಗೆಳೆತನ ಕೆಟ್ಟಿತ್ತು. ಮೂರು ದಿನ ಗೆಣೆಕಾರನಿಗೆ ಎಲೆ ಬಂದ್! ನಾಲ್ಕನೆಯ ದಿನ "ನಾನೂ ತೂಕಡಿಸ್ತಿದ್ದೆ ಬುಡು, ತಗಾ" ಎಂದು ರಾಜಿಯಾಯಿತು.

ಇಷ್ಟು ಸಲಿಗೆಯಿದ್ದರೂ ದೊಡ್ಡಪ್ಪ ಅವನನ್ನು ಏನೊಂದನ್ನೂ ಬೇಡಿದವರಲ್ಲ. ಮಳೆ, ಬೆಳೆ, ಆರೋಗ್ಯ ಎಂದು ಪಾದ್ರಿಗಳು ಗಂಟೆಗಟ್ಟಲೆ ಪ್ರಾರ್ಥಿಸಿದರೆ ಇವರಿಗೆ ಮೈಯುರಿ.

"ಏನ್ ಅಯ್ನೋರೆ, ಅಮಲ್ದಾರ್ರಿಗೆ ಅರ್ಜಿ ಕೊಟ್ಟಂಗೆ! ಗೆಣೆಕಾರನ ತಾವ ಸುಮ್ನೆ ಕೂರಕ್ಕಾಗಕಿಲ್ವಾ?"

ಮುಂದಿನ ಭಾನುವಾರದಿಂದ ಪ್ರಾರ್ಥನೆ ಅರ್ಧಕ್ಕಿಳಿಯಿತು. ಸಭೆಯೆಲ್ಲ ದೊಡ್ಡಪ್ಪನನ್ನು ಹರಸಿತು.

ನನಗೆ ಒಂಬತ್ತು ವರ್ಷವಾಗಿದ್ದಾಗ ವಿಷಮಜ್ವರ ಬಂತು. ತಾಯಿಯಿಲ್ಲದ ನನ್ನನ್ನು ಸಾಕುತ್ತಿದ್ದವರು ಮಕ್ಕಳಿಲ್ಲದ ದೊಡ್ಡಪ್ಪ, ದೊಡ್ಡಮ್ಮನೇ. ಡಾಕ್ಟರು ಕೈಚೆಲ್ಲಿ ಹೋದ ಮಧ್ಯಾಹ್ನ ದೊಡ್ಡಮ್ಮ ಗಂಡನ ಕಾಲು ಹಿಡಿದರು.

"ಇದೊಂದ್ಸಲ ಕೇಳಿ. ನಿಮ್ಮ ಗೆಣೆಕಾರ ಅಲ್ವಾ?"

ದೊಡ್ಡಪ್ಪ ಹೊರಗೆ ಹೋಗಿ, ಎತ್ತು ಬಿಚ್ಚಿ ನಿಲ್ಲಿಸಿದ್ದ ಗಾಡಿ ಹತ್ತಿ, ಎಂದಿನಂತೆ ಅಂಚಿಗೆ ಕೂತರು. ಎಲೆಗೆ ಸುಣ್ಣ ಹಚ್ಚಿ ಪಕ್ಕದಲ್ಲಿಟ್ಟರು. ಕಿಟಕಿಯ ಬಳಿ ಮಲಗಿದ್ದ ನನಗೆ ಎಲ್ಲ ಕಾಣುತ್ತಿತ್ತು. ಬಹಳ ಹೊತ್ತು ಹಾಗೇ ಕೂತಿದ್ದು ಒಳಗೆ ಬಂದರು.

"ಕೇಳುದ್ರಾ?" ಎಂದರು ದೊಡ್ಡಮ್ಮ.

"ಬಾಯೇ ಬರ್ನಿಲ್ಲ ಕಣೆ" ಎಂದರು ದೊಡ್ಡಪ್ಪ. "ನನ್ ಮಕ ನೋಡಿ ಅವ್ನೂ ಅತ್ಬುಟ್ಟ."

ನಾನು ಉಳಿದೆ. ದೊಡ್ಡಪ್ಪ ಈಗಿಲ್ಲ, ಆ ಗಾಡಿಯನ್ನು ನಾನೇ ಹೊಡೆಯುತ್ತೇನೆ. ಹಲಗೆಯ ತೀರಾ ಅಂಚಿಗೆ ಕೂರುತ್ತೇನೆ, ಪಕ್ಕದಲ್ಲಿ ಇಬ್ಬರಿಗೆ ಸಾಲುವಷ್ಟು ಜಾಗ ಬಿಟ್ಟು.